ಬಾಜೂಕ ನಿಲ್ಲುವ ಅಂಬರೀಷ

ನಸುಕು ಹರಿಯುತ್ತಿದೆ. ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ರಾತ್ರಿಪಾಳಿಯ ಕಾವಲು ಮುಗಿಸಿದ ಅಂಬರೀಷ ಮನೆಯ ದಾರಿ ಹಿಡಿಯುವುದಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದು ಅತ್ತಿಂದಿತ್ತ ತಿರುಗುತ್ತಾರೆ. ಕೃತಕ ಕಾಲು ಒತ್ತುತ್ತಿದೆ, ಆದರೂ ಕೂರಲಾರರು. ಹೈದರಾಬಾದ್ ಬಸ್ಸಿನ ಹೊತ್ತಾಯಿತು. ನಿರ್ಣಾ ಊರಿನ ಅಬ್ದುಲ್ ಕರೀಂ ಇನ್ನೂ ಬಂದಿಲ್ಲ.

ಕರೀಂ ಸೈನ್ಯದಲ್ಲಿ ಫಿರಂಗಿ ಹಾರಿಸುತ್ತಿದ್ದವರು. ಆ ಸದ್ದಿಗೆ ಎರಡೂ ಕಿವಿ ಬಹುತೇಕ ಹೋದವು. ನಿವೃತ್ತಿ ಪಿಂಚಣಿ ಬರುತ್ತದೆ. ಕಿವಿಗೆ ಸಿಗಬೇಕಾದ ಪರಿಹಾರ ಮಾತ್ರ ಸಿಕ್ಕಿಲ್ಲ. ಹಿಂದಿನ ತಪಾಸಣೆಯಲ್ಲಿ ಡಾಕ್ಟರು ಏನು ಕೇಳಿದರೂ ಕರೀಂ ಅವರ ತುಟಿ ನೋಡಿ ‘ಹೂಂ’ ಎಂದು ತಲೆಯಾಡಿಸಿದ್ದರು. ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಬರೆದುಬಿಟ್ಟರು. ಮೇಲ್ಮನವಿಯ ಮೇಲೆ ಇಂದು ಹೈದರಾಬಾದಿನ ಸೇನಾ ಆಸ್ಪತ್ರೆಯಲ್ಲಿ ಮರುತಪಾಸಣೆ.

ಕೊನೆಗೂ ಆಟೊ ಬರುತ್ತದೆ. ಕರೀಂ ಅವರ ಹೆಂಡತಿ ಫರಹತ್ ಮೊದಲು ಇಳಿಯುತ್ತಾರೆ. “ಬರಂಗಿಲ್ಲಂತ ಕುಂತಿದ್ರು ಅಣ್ಣಾ. ಎಳಕೊಂಡ ಬಂದೀನಿ.”

“ಕಿವುಡ ಅಂತ ಹ್ಯಾಂಗ ಹೇಳಲಿ? ಫೌಜಿ ಇದ್ದವ ನಾ!” ಕರೀಂ ಗದರುತ್ತಾರೆ.

ಅಂಬರೀಷ ಎದುರು ನಿಂತು ಪ್ಯಾಂಟು ಮೇಲೆತ್ತಿ ಕೃತಕ ಕಾಲು ತೋರಿಸುತ್ತಾರೆ. ತುಟಿ ಕಾಣುವಂತೆ ನಿಧಾನಕ್ಕೆ ಹೇಳುತ್ತಾರೆ: “ಇದು ಕಾಣ್ತದ್ರಿ ಭಾಯ್. ನಿಮ್ಮದು ಕಾಣಂಗಿಲ್ಲ. ನೀವು ಹೇಳಿದ್ರನ ಗೊತ್ತಾಗ್ತದ.”

ಮೋರಖಂಡಿ ಊರಿನ ಅಂಬರೀಷ, ಗಡಿರಸ್ತೆಯಲ್ಲಿ ಸೇನೆಯ ಲಾರಿ ಮಗುಚಿದಾಗ ಕಾಲು ಕಳೆದುಕೊಂಡವರು. ಪಿಂಚಣಿ ಕೇಳಿದಾಗ, ಗಾಯಕ್ಕೂ ಸೇವೆಗೂ ಸಂಬಂಧವಿಲ್ಲ ಎಂಬ ಉತ್ತರ ಸೇನೆಯಿಂದ ಬಂತು. ವರ್ಷಗಟ್ಟಲೆ ಅಲೆದ ಮೇಲೆ ಅಂಗವೈಕಲ್ಯ ಪಿಂಚಣಿ ದಕ್ಕಿತು. ಈಗ ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಮಾಜಿ ಸೈನಿಕರು ಕರೆದರೆ ಸಾಕು, ಕಚೇರಿ, ಆಸ್ಪತ್ರೆಗಳಿಗೆ ಜೊತೆಗೆ ಹೊರಟು ಪಕ್ಕದಲ್ಲಿ, ಅವರ ಮಾತಿನಲ್ಲಿ ‘ಬಾಜೂಕ’, ನಿಲ್ಲುತ್ತಾರೆ. ನಿದ್ದೆಯೆಲ್ಲ ಬಸ್ಸಿನಲ್ಲೇ. “ಮನ್ಯಾಗ ಮಲಕೊಂಡ್ರೂ ನಿದ್ದಿ ಹತ್ತಂಗಿಲ್ರಿ. ಯಾರು ಯಾವ ಬಾಗಲ ಮುಂದ ನಿಂತಾರೋ ಅನಸ್ತದ.”

ಆಸ್ಪತ್ರೆಯಲ್ಲಿ ಕರೀಂ ಒಳಗೆ ಹೋಗುತ್ತಾರೆ. “ಕೇಳಿಸುತ್ತಿದೆಯೇ?” ಡಾಕ್ಟರ ದನಿ ಹೊರಗೂ ಬರುತ್ತದೆ. ಫರಹತ್ ಸೆರಗು ಹಿಂಡುತ್ತಾರೆ. ಕರೀಂ ಮತ್ತೆ ತಲೆಯಾಡಿಸಿಬಿಟ್ಟರೇ? ಅಂಬರೀಷ ಬಾಗಿಲಿಗೂ ಕಿಟಕಿಗೂ ಅಲೆಯುತ್ತಾರೆ. ಅಷ್ಟರಲ್ಲಿ ಪರೇಡಿನಲ್ಲಿ ಕೂಗಿದಂತೆ ಕರೀಂ ದನಿ:

“ನಹೀ ಸಾಬ್! ಏನೂ ಕೇಳಸಂಗಿಲ್ಲ!”

ಫರಹತ್ ಅಲ್ಲೇ ಕುಸಿದು ಕೂತು ಅಳುತ್ತಾರೆ.

ಕೆಲವು ತಿಂಗಳಿಗೆ ಪರಿಹಾರ ಮಂಜೂರಾಗುತ್ತದೆ. ಕಿವಿಯಂತ್ರ ಹಾಕಿಕೊಂಡ ಕರೀಂ ಈಗ ಹೆಂಡತಿಯ ಗೊಣಗಾಟಕ್ಕೂ ಉತ್ತರ ಕೊಡುತ್ತಾರಂತೆ.

ಅದನ್ನು ಹೇಳುವಾಗಲೇ ಅಂಬರೀಷ ಎದ್ದು ನಿಂತಿದ್ದಾರೆ. ಬಸವಕಲ್ಯಾಣದಲ್ಲಿ ಸೈನಿಕನ ವಿಧವೆಯೊಬ್ಬರು ಕಾಯುತ್ತಿದ್ದಾರೆ.

“ನಾ ಏನ್ ಮಾಡಿಲ್ರಿ, ಬಾಜೂಕ ನಿಂತಿದ್ದೆ ಅಷ್ಟ. ನಾ ಪಿಂಚಣಿಗಂತ ತಿರಗಾಡೂವಾಗ ನನ್ನ ಬಾಜೂಕ ಯಾರೂ ಇರಲಿಲ್ಲ ನೋಡ್ರಿ.”