ಅತ್ತೆಯ ಬೆನ್ನಿಗೆ ಗುದ್ದು

ನಮ್ಮ ಹುಬ್ಬಳ್ಳಿ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರಬೇಕು. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ಕೇಳಿದರೆ ಹೆಸರು ಗಟ್ಟಿಯಾಗಿ ಕೂಡಲಿ ಎಂದು ಅವ್ವ ಹೇಳುತ್ತಾಳೆ. ನಾದಿನಿಯ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಇದೊಂದೇ ಅವಕಾಶ ಎಂದು ಸೊಸೆಯಂದಿರು ನಗುತ್ತಾರೆ. ನನಗೆ ಇರುವವನು ಒಬ್ಬನೇ ತಮ್ಮ. ಅವನ ಮದುವೆಯಾದ ದಿನದಿಂದಲೇ ನಾನು ಬೆನ್ನನ್ನು ಸಿದ್ಧವಾಗಿಟ್ಟುಕೊಂಡಿದ್ದೆ.

ನಾನಾಗ ಡಚ್ಚರ ನಾಡಿನ ರೈಸ್‌ವೈಕ್ ಎಂಬ ಊರಿನ ಒಂದು ಆಫೀಸಿನಲ್ಲಿ ಎಂಜಿನಿಯರ್. ಬಾಡಿಗೆ ಮನೆಯ ಕರಾರು ಮಾರ್ಚಿಗೆ ಮುಗಿಯುತ್ತಿತ್ತು. ಹೇಗೂ ರಜೆ ಹಾಕಿ ಊರಿಗೆ ಹೋಗುವವಳು, ತೊಟ್ಟಿಲ ಕಾರ್ಯ ಮುಗಿಸಿ ಬಂದ ಮೇಲೆ ಬೇರೆ ಮನೆ ಹುಡುಕಿದರಾಯಿತು ಎಂದು ಮನೆಯ ಕೀಲಿ ಒಪ್ಪಿಸಿದೆ. ಕುಕ್ಕರಿನಿಂದ ಹಿಡಿದು ಲಟ್ಟಣಿಗೆಯವರೆಗೆ ಎಲ್ಲವನ್ನೂ ಡಬ್ಬಗಳಲ್ಲಿ ತುಂಬಿ ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯಲ್ಲಿದ್ದ ಗೆಳತಿಯ ಮನೆಗೆ ಸಾಗಿಸಿದೆ. ಅಷ್ಟರಲ್ಲಿ ಕರೋನಾ ಬಂತು, ವಿಮಾನ ರದ್ದಾಯಿತು. ಗೆಳತಿ ತನ್ನ ಮನೆಗೇ ಕರೆದಳು, ಆದರೆ ಅವಳ ಅತ್ತೆ ಮಾವ ಬಂದು ಅಲ್ಲೇ ಸಿಕ್ಕಿಬಿದ್ದಿದ್ದರು. ವಯಸ್ಸಾದವರಿರುವ ಮನೆಗೆ ಆ ದಿನಗಳಲ್ಲಿ ಯಾರು ಹೋಗುತ್ತಾರೆ? ಹೀಗೆ ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು, ಕೂಸಿಗೆಂದು ಕೊಂಡ ಒಂದು ಉಣ್ಣೆಯ ಟೊಪ್ಪಿಗೆ ಹಿಡಿದುಕೊಂಡು ನಾನು ರೋಟರ್‌ಡ್ಯಾಮಿನ ಅಗ್ಗದ ಹೋಟೆಲೊಂದರಲ್ಲಿ ಬಿಡಾರ ಹೂಡಿದೆ.

ಅಗ್ಗದ ಹೋಟೆಲು ಎಂದರೆ ನಿಜಕ್ಕೂ ಅಗ್ಗದ್ದೇ. ಮಂಚದಿಂದ ಇಳಿದರೆ ಗೋಡೆ, ಗೋಡೆಗೆ ಮಡಚುವ ಮೇಜು, ಮೇಜಿನ ಮೇಲೆ ಚಹಾದ ಕೆಟಲು. ಕಿಟಕಿ ಅಂಗೈ ಅಗಲ ಮಾತ್ರ ತೆರೆಯುತ್ತಿತ್ತು. ಅದರಿಂದ ಟ್ರ್ಯಾಮಿನ ಗಂಟೆ, ಸೀಗಲ್ ಹಕ್ಕಿಗಳ ಜಗಳ ಒಳಗೆ ಬರುತ್ತಿದ್ದವು. ಬೆಳಗಿನ ತಿಂಡಿಯನ್ನು ಕಾಗದದ ಚೀಲದಲ್ಲಿ ಬಾಗಿಲ ಹೊರಗೆ ಇಟ್ಟು, ಬಾಗಿಲು ಬಡಿದು ಓಡಿಹೋಗುತ್ತಿದ್ದರು. ಒಂದು ಬ್ರೆಡ್ಡು, ಒಂದು ಚೀಸು, ಒಂದು ಸೇಬು. ಮೊದಲ ವಾರ ಅದನ್ನು ತಿನ್ನುತ್ತ ನಾನು ಇಡೀ ಯುರೋಪಿನ ಮೇಲೆ ಮುನಿಸಿಕೊಂಡಿದ್ದೆ.

ಒಂದು ದಿನ ಬಾಗಿಲ ಸಂದಿಯಿಂದ ಅನ್ನ ಬೇಯುವ ವಾಸನೆ ಬಂತು. ಕನಸಲ್ಲ, ಅನ್ನವೇ. ಹೊರಗೆ ಇಣುಕಿದರೆ ನಮ್ಮ ಮಹಡಿಯ ಬಾಗಿಲುಗಳೆಲ್ಲ ತೆರೆದಿದ್ದವು. ಪ್ರತಿ ಹೊಸ್ತಿಲ ಹೊರಗೆ ಒಂದು ಜೋಡಿ ಚಪ್ಪಲಿ, ಹೊಸ್ತಿಲ ಒಳಗೆ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ. ಫಿಲಿಪೈನ್ಸಿನವರು. ಹಡಗಿನ ಕೆಲಸ ಮುಗಿದು ಬಂದರಿನಲ್ಲಿ ಇಳಿದವರು, ಊರಿಗೆ ವಿಮಾನವಿಲ್ಲದೆ ನನ್ನ ಹಾಗೆಯೇ ಇಲ್ಲಿ ಬಂದು ಕೂತವರು. ಕಂಪನಿ ಅವರಿಗೆಂದು ಇಡೀ ಮಹಡಿ ಹಿಡಿದಿತ್ತು. ನನ್ನದೊಂದೇ ಕೋಣೆ ನಡುವೆ ಬಿಟ್ಟುಹೋಗಿತ್ತು. ಅವರಲ್ಲೊಬ್ಬ ತನ್ನ ಹೊಸ್ತಿಲಲ್ಲೇ ಮೈಕು ಹಿಡಿದು ಕಣ್ಣು ಮುಚ್ಚಿ ಹಾಡುತ್ತಿದ್ದ. ಉಳಿದವರು ತಂತಮ್ಮ ಹೊಸ್ತಿಲಿನಿಂದ ಮಾರ್ಕು ಕೊಡುತ್ತಿದ್ದರು. ಆ ಕಾರಿಡಾರು ಒಂದು ಫಿಲಿಪೈನ್ಸ್ ಊರಿನ ಗಿಜಿಗುಡುವ ಓಣಿಯೇ ಆಗಿತ್ತು. ಓಣಿ ಎಂದಮೇಲೆ ನನಗೇನು ಹೊಸದಲ್ಲ. ನಾನೂ ಕುರ್ಚಿ ತಂದು ಹಾಕಿದೆ.

ಕೋಣೆಯಲ್ಲೇ ಕರೆಂಟಿನ ಕುಕ್ಕರಿಟ್ಟು ಅನ್ನ ಮಾಡುತ್ತಿದ್ದವಳು ಹಡಗಿನ ಅಡುಗೆಯವಳು, ನನಗಿಂತ ಹತ್ತು ಹದಿನೈದು ವರ್ಷ ಹಿರಿಯಳು. ದಪ್ಪ ತೋಳು, ಗಟ್ಟಿ ದನಿ, ನಕ್ಕರೆ ಭುಜವೂ ನಗುತ್ತಿತ್ತು. ಅವರೆಲ್ಲ ಅವಳನ್ನು ತಮ್ಮ ಭಾಷೆಯಲ್ಲಿ ಅಕ್ಕ ಎನ್ನುತ್ತಿದ್ದರು, ನಾನು ನಮ್ಮ ಭಾಷೆಯಲ್ಲಿ ಅಕ್ಕ ಎಂದೆ. ಅವಳು ಮಾತ್ರ ನನ್ನನ್ನು ಕೊನೆಯವರೆಗೂ ಮ್ಯಾಮ್ ಎನ್ನುವುದನ್ನು ಬಿಡಲಿಲ್ಲ. ಮೊದಲ ದಿನವೇ ಒಂದು ಬಟ್ಟಲು ಬಿಸಿ ಅನ್ನವನ್ನು ಕಾರಿಡಾರಿನ ನಡುವೆ ನೆಲದ ಮೇಲಿಟ್ಟು ಹಿಂದೆ ಸರಿದಳು. ಸೂಟ್‌ಕೇಸಿನಲ್ಲಿ ಉಳಿದಿದ್ದ ಶೇಂಗಾ ಚಟ್ನಿಪುಡಿ ಕಲಸಿ, ಎಣ್ಣೆಯೂ ಇಲ್ಲದೆ, ನಾನು ಅದನ್ನು ಕೈಯಲ್ಲೇ ಉಂಡೆ. ನಾನು ಕೈಯಲ್ಲಿ ಉಣ್ಣುವುದನ್ನು ಕಂಡು ಎದುರಿನ ಬಾಗಿಲುಗಳಲ್ಲಿದ್ದ ಚಮಚಗಳೆಲ್ಲ ಕೆಳಗಿಳಿದವು, ಅವರೂ ಕೈಯಲ್ಲೇ ಉಣ್ಣತೊಡಗಿದರು.

ಮೂರನೆಯ ದಿನಕ್ಕೇ ಸಿಕ್ಕಿಬಿದ್ದೆವು. ಹೋಟೆಲಿನ ಸ್ವಾಗತದ ಮೇಜಿನಲ್ಲಿ ಒಬ್ಬ ಡಚ್ ಹೆಂಗಸು ಇದ್ದಳು, ಎತ್ತರದ ಆಳು, ಸೊಂಟದಲ್ಲಿ ಸದಾ ಅಳತೆಯ ಟೇಪು. ಜನರ ನಡುವೆ ಒಂದೂವರೆ ಮೀಟರು ಅಂತರ ಇರಬೇಕೆಂದು ಸರಕಾರ ಹೇಳಿದ್ದು ತನಗೊಬ್ಬಳಿಗೇ ಎಂಬಂತೆ ಅವಳು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಕಾಫಿ ಯಂತ್ರದ ಮುಂದೆ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದಳು. ಮೇಲೆ ಬಂದವಳೇ ಮೂಗರಳಿಸಿ, ಕೋಣೆಯಲ್ಲಿ ಅಡುಗೆ ಮಾಡುವಂತಿಲ್ಲ, ಬೆಂಕಿಯ ಅಲಾರಾಂ ಕೂಗುತ್ತದೆ ಎಂದಳು. ನಾವು ತಲೆ ತಗ್ಗಿಸಿದೆವು. ತಿಂಡಿ ಕೋಣೆಯ ಹಿಂದಿನ ಅಡುಗೆಮನೆ ಹೇಗೂ ಖಾಲಿ ಬಿದ್ದಿದೆ, ಒಬ್ಬೊಬ್ಬರಾಗಿ ಅಲ್ಲಿ ಮಾಡಿಕೊಳ್ಳಿ ಎಂದು ಅದೇ ಸಿಡುಕು ಮುಖದಲ್ಲಿ ಹೇಳಿ ಇಳಿದು ಹೋದಳು. ಅವಳು ಬೈಯುತ್ತಿದ್ದಾಳೋ ಉಪಕಾರ ಮಾಡುತ್ತಿದ್ದಾಳೋ ಎಂದು ಮುಖ ನೋಡಿ ಹೇಳುವಂತಿರಲಿಲ್ಲ.

ಏಪ್ರಿಲ್ಲಿನಲ್ಲಿ ಹುಬ್ಬಳ್ಳಿಯಲ್ಲಿ ಕೂಸು ಹುಟ್ಟಿತು. ಹೆಣ್ಣು ಮಗು. ಲಾಕ್‌ಡೌನಿನಿಂದ ತಮ್ಮನ ಹೆಂಡತಿ ತವರಿಗೆ ಹೋಗಲಾಗದೆ ಹೆರಿಗೆ, ಬಾಣಂತನ ಎಲ್ಲ ನಮ್ಮ ಮನೆಯಲ್ಲೇ ಆಯಿತು. ನಾನು ಬರಲಿ ಎಂದು ತೊಟ್ಟಿಲ ಕಾರ್ಯವನ್ನು ಒಂದು ತಿಂಗಳು ಮುಂದೂಡಿದರು. ವಿಮಾನ ಹಾರಲಿಲ್ಲ. ಕೂಸನ್ನು ಎಷ್ಟು ದಿನ ಹೆಸರಿಲ್ಲದೆ ಇಡುವುದು ಎಂದು ಅವ್ವನಿಗೆ ಚಿಂತೆ ಹತ್ತಿತು. ನಮ್ಮ ಮನೆಯ ಹಿಂದಿನ ಮನೆಯಲ್ಲಿ ದೂರದ ಸಂಬಂಧದ ಒಬ್ಬಳಿದ್ದಳು, ಲೆಕ್ಕ ಹಾಕಿದರೆ ತಮ್ಮನಿಗೆ ತಂಗಿಯಾಗಬೇಕಾದವಳು. ಅವಳ ಕೈಯಿಂದಲೇ ಹೆಸರಿಡಿಸೋಣ ಎಂದು ಅವ್ವ ಫೋನಿನಲ್ಲಿ ಮೆಲ್ಲಗೆ ಮಾತು ತೆಗೆದಳು.

ನನಗೆ ಉರಿದುಹೋಯಿತು. ಫೋನಿನಲ್ಲೇ ಹೆಸರಿಡುತ್ತೇನೆ, ವೀಡಿಯೋ ಇದೆ, ಜಗತ್ತೇ ವೀಡಿಯೋದ ಮೇಲೆ ನಡೆಯುತ್ತಿದೆ ಎಂದು ವಾದಿಸಿದೆ.

“ಹೆಸರ ಫೋನಿನ್ಯಾಗ ಹೇಳ್ತಿ ಖರೆ. ಬೆನ್ನಿಗೆ ಗುದ್ದೋರ ಯಾರವಾ? ಗುದ್ದ ಬೀಳಲಿಲ್ಲಂದ್ರ ಹೆಸರ ಕೂಡಂಗಿಲ್ಲ” ಎಂದಳು ಅವ್ವ.

“ಅದಾರ ಬಿಡವಾ, ಇಲ್ಲೇನ ಮಂದಿಗೆ ಬರಗಾಲ ಐತೇನ?” ಎಂದುಬಿಟ್ಟೆ.

ನನ್ನ ಬಾಯಿ ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ. ಫೋನು ಇಟ್ಟ ಮೇಲೆ ಹೊಸ್ತಿಲಲ್ಲಿ ಕೂತು ಯೋಚಿಸಿದೆ. ಗುದ್ದುವವರು ಹೆಂಗಸರೇ ಆಗಬೇಕು. ಇಡೀ ಹೋಟೆಲಿನಲ್ಲಿ ನನ್ನನ್ನು ಬಿಟ್ಟರೆ ಅಡುಗೆಯ ಅಕ್ಕ ಮತ್ತು ಟೇಪಿನ ಹೆಂಗಸು. ಇಬ್ಬರಿಗೂ ನನಗೂ ನಡುವೆ ಒಂದೂವರೆ ಮೀಟರು. ಅವ್ವನ ಕಣ್ಣಿಗೆ ವೀಡಿಯೋದಲ್ಲಿ ಗುದ್ದು ಕಾಣದೆ ಹೋದರೆ ಹಿಂದಿನ ಮನೆಯವಳು ಅಲ್ಲೇ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಾಳೆ. ನನ್ನ ತಮ್ಮನ ಮೊದಲ ಮಗಳಿಗೆ ಬೇರೆ ಯಾರೋ ಹೆಸರಿಡುವುದನ್ನು ನಾನು ಮಡಚುವ ಮೇಜಿನ ಮೇಲೆ ನೋಡಬೇಕು. ನೆನೆದರೆ ಅಳು ಬರುತ್ತಿತ್ತು.

ಅಕ್ಕನಿಗೆ ಎಲ್ಲ ಹೇಳಿದೆ. ಹೆಸರಿಡುವವಳಿಗೆ ಹೊಡೆತವೇ ಎಂದು ಅವಳು ನಕ್ಕ ನಗುವಿಗೆ ಕಾರಿಡಾರಿನ ಹಾಡು ನಿಂತಿತು. ನಗು ಮುಗಿಸಿ ನೆಲ ಒರೆಸುವ ಕೋಲನ್ನು ತಂದಳು. ಅದರ ತುದಿಗೆ ಒಂದು ತಲೆದಿಂಬು ಕಟ್ಟಿ, ಹಡಗಿನವರಿಗೇ ಬರುವಂಥ ಗಂಟು ಹಾಕಿಸಿದಳು. ನಾವು ಅದನ್ನು ಮೆರವಣಿಗೆಯಲ್ಲಿ ಕೆಳಗೆ ಒಯ್ದು ಟೇಪಿನ ಹೆಂಗಸಿನ ಮುಂದಿಟ್ಟೆವು. ಅವಳು ನನ್ನ ಕಥೆಯನ್ನು ಒಂದು ಸಲವೂ ನಗದೆ ಕೇಳಿದಳು. ಆಮೇಲೆ ಕೋಲನ್ನು ಅಳೆದಳು. ಒಂದೂವರೆ ಮೀಟರಿಗಿಂತ ತುಸು ಹೆಚ್ಚೇ ಇತ್ತು. ತಿಂಡಿ ಕೋಣೆ ಮಧ್ಯಾಹ್ನ ಖಾಲಿ, ಕಿಟಕಿಗಳನ್ನು ತೆರೆದಿಡಬೇಕು, ತಾನು ಅಲ್ಲೇ ಇರುತ್ತೇನೆ ಎಂದಳು.

ಆ ದಿನ ನಾನು ಸೂಟ್‌ಕೇಸಿನಲ್ಲಿದ್ದ ಒಂದೇ ಇಳಕಲ್ ಸೀರೆ ಉಟ್ಟೆ. ಹೆಸರಿಟ್ಟ ಮೇಲೆ ಉಪ್ಪು ಹಾಕಿ ಬೇಯಿಸಿದ ಕಾಳಿನ ಗುಗ್ಗರಿ ಹಂಚಬೇಕಲ್ಲ, ಡಬ್ಬಿಯ ಕಡಲೆಕಾಳು ತರಿಸಿ ಅಕ್ಕನ ಕೈಗೆ ಕೊಟ್ಟು ಆಫೀಸಿನ ಮೀಟಿಂಗಿಗೆ ಕೂತಿದ್ದೆ. ಬಂದು ನೋಡಿದರೆ ಅವಳು ಕಾಳನ್ನು ಸಕ್ಕರೆ ಪಾಕದಲ್ಲಿ ಕುದಿಸಿ ಇಟ್ಟಿದ್ದಳು. ಅವರ ಕಡೆ ಕಡಲೆಯನ್ನು ಹಾಗೆಯೇ ತಿನ್ನುವುದಂತೆ. ಒಳ್ಳೆಯ ದಿನ ಸಿಹಿಯಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ಹಾಡುಗಾರ ಶರ್ಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಉಳಿದವರೂ ತಲೆಗೆ ನೀರು ಹಚ್ಚಿ ಬಾಚಿಕೊಂಡು, ಹಳದಿ ಪಟ್ಟಿಗಳ ಮೇಲೆ ಹಾಕಿದ ಕುರ್ಚಿಗಳಲ್ಲಿ ಬೀಗರ ಹಾಗೆ ಗಂಭೀರವಾಗಿ ಕೂತಿದ್ದರು.

ಲ್ಯಾಪ್‌ಟಾಪಿನಲ್ಲಿ ಹುಬ್ಬಳ್ಳಿಯ ಪಡಸಾಲೆ ತೆರೆದುಕೊಂಡಿತು. ತೊಟ್ಟಿಲಿಗೆ ಹೂವು. ಮೊದಲು, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು, ಅರೆಯುವ ಗುಂಡಕಲ್ಲಿಗೆ ಕುಂಕುಮ ಹಚ್ಚಿ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಇವರು ಕಲ್ಲಿಗೆ ಹೆಸರಿಡುತ್ತಿದ್ದಾರೆಯೇ ಎಂದು ಹಾಡುಗಾರ ನನ್ನನ್ನು ಪಿಸುಗುಟ್ಟಿ ಕೇಳಿದ. ಆಮೇಲೆ ಕೂಸು ಬಂತು. ಹಿಡಿಯಷ್ಟು ಮುಖ, ತಮ್ಮನದೇ ಮೂಗು. ತಮ್ಮ ಇನ್ನೊಂದು ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದ.

“ಅಕ್ಕಾ, ಹೇಳ. ಕೇಳಾಕತ್ತಾಳ” ಎಂದ.

ನಾನು ಮೇಜಿನ ಮೇಲೆ ಬಗ್ಗಿ, ಫೋನಿಗೆ ಬಾಯಿ ಹಚ್ಚಿ, ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರನ್ನು ‘ಕುರ್ರ್’ ಎಂದು ಉಸುರಿದೆ. ತಮ್ಮ, ಎಲ್ಲರಿಗೂ ಕೇಳಲಿ ಎಂದು ಬೆಳಗ್ಗೆಯೇ ಆ ಫೋನನ್ನು ಮನೆಯ ದೊಡ್ಡ ಸ್ಪೀಕರಿಗೆ ಜೋಡಿಸಿದ್ದನ್ನು ಮರೆತಿದ್ದ. ನನ್ನ ಗುಟ್ಟಿನ ಉಸಿರು ಸ್ಪೀಕರಿನಲ್ಲಿ ಗುಡುಗಾಗಿ ಇಡೀ ಓಣಿಗೆ ಕೇಳಿಸಿತು. ಹೊರಗೆ ನಾಯಿ ಬೊಗಳಿತು. ಕೂಸು ಬೆಚ್ಚಿ ಕಣ್ಣು ಬಿಟ್ಟು ಅತ್ತಿತು.

ಅದೇ ಹೊತ್ತಿಗೆ ಹಿಂದಿನಿಂದ ತಲೆದಿಂಬು ಬಂದು ನನ್ನ ಬೆನ್ನನ್ನು ಮುಟ್ಟಿತು. ಮೆತ್ತಗೆ, ಎರಡು ಸಲ. ಹಡಗಿನವರು ಚಪ್ಪಾಳೆ ತಟ್ಟಿದರು. ಅವ್ವ ಮಾತ್ರ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದಳು.

“ಅದೇನ ಗುದ್ದವಾ? ಧೂಳ ಝಾಡಿಸಿದಂಗ ಆತು. ಇದ ಲೆಕ್ಕಕ್ಕಿಲ್ಲ” ಎಂದಳು.

ಅವಳ ಹಿಂದೆ, ಹಿಂದಿನ ಮನೆಯವಳು ನಿಜವಾಗಿಯೂ ಸೆರಗು ಸಿಕ್ಕಿಸಿಕೊಂಡಿದ್ದಳು. ನಾನು ಬಗ್ಗಿದವಳು ಬಗ್ಗಿಯೇ ಇದ್ದೆ. ಕನ್ನಡದ ಒಂದು ಅಕ್ಷರ ತಿಳಿಯದ ಅಕ್ಕನಿಗೆ ಅವ್ವನ ಮುಖ ನೋಡಿಯೇ ಎಲ್ಲ ತಿಳಿಯಿತು. ಅವಳು ಕೋಲನ್ನು ಗೋಡೆಗೆ ಒರಗಿಸಿ, ಟೇಪಿನ ಹೆಂಗಸಿನ ಕಡೆ ತಿರುಗಿ ನಿಂತಳು. ಆ ಹೆಂಗಸು ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಕಿಟಕಿಗಳು ಸರಿಯಾಗಿ ತೆರೆದಿವೆಯೋ ಇಲ್ಲವೋ ನೋಡಬೇಕು ಎಂದು, ನಮಗೆ ಬೆನ್ನು ಮಾಡಿ ಕೋಣೆಯ ಆ ತುದಿಗೆ ನಡೆದುಹೋದಳು.

ಧಪ್ ಎಂದು ಬಿತ್ತು. ಹಿಟ್ಟು ನಾದಿ ನಾದಿ ಗಟ್ಟಿಯಾದ ಕೈ ಅದು. ನಾನು ಮೇಜಿಗೆ ಮುಗ್ಗರಿಸಿದೆ, ಸಿಹಿ ಕಡಲೆಯ ಬಟ್ಟಲು ಉರುಳಿತು, ಹುಬ್ಬಳ್ಳಿಯ ಪಡಸಾಲೆಯಲ್ಲಿ ನಗೆ ಎದ್ದಿತು.

“ಬಿತ್ತು. ಹೆಸರ ಕೂಡ್ತು” ಎಂದಳು ಅವ್ವ.

ನಾನು ನಗುತ್ತಿದ್ದೆ, ಹಾಗೆಯೇ ಅಳುತ್ತಿದ್ದೆ. ಗುದ್ದಿದ ಕೈಯನ್ನು ಅಕ್ಕ ತೆಗೆದಿರಲಿಲ್ಲ. ಅದು ನನ್ನ ಬೆನ್ನ ಮೇಲೆ ಬೆಚ್ಚಗೆ ಹಾಗೆಯೇ ಇತ್ತು. ಮಾರ್ಚಿನಿಂದ ನನ್ನನ್ನು ಒಬ್ಬರೂ ಮುಟ್ಟಿರಲಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಕಿಟಕಿಗಳನ್ನು ನೋಡಲು ಹೋದವಳು ಬಹಳ ನಿಧಾನವಾಗಿ, ಒಂದೊಂದನ್ನೂ ಎರಡೆರಡು ಸಲ ನೋಡಿಕೊಂಡು ಬಂದಳು. ಬಂದು ತನ್ನ ಪಾಲಿನ ಕಡಲೆಯನ್ನು ಕೇಳಿ ತೆಗೆದುಕೊಂಡಳು.

ಜೂನಿನಲ್ಲಿ ಹಡಗಿನವರಿಗೆ ವಿಮಾನ ಸಿಕ್ಕಿತು. ಅಕ್ಕ ಹೋಗುವಾಗ ಅನ್ನದ ಕುಕ್ಕರನ್ನು ನನ್ನ ಬಾಗಿಲ ಮುಂದೆ ಬಿಟ್ಟುಹೋದಳು. ಆಮೇಲೆ ನನಗೂ ಮನೆ ಸಿಕ್ಕಿತು, ಆ ಕುಕ್ಕರಿನಲ್ಲೇ ಈಗಲೂ ಅನ್ನ ಮಾಡುತ್ತೇನೆ.

ಹುಬ್ಬಳ್ಳಿಗೆ ಹೋಗಲು ಮಾತ್ರ ಎರಡು ವರ್ಷ ಬೇಕಾಯಿತು. ಆ ದಿನಗಳಲ್ಲೆಲ್ಲ ಅವ್ವ ಮೊಮ್ಮಗಳನ್ನು ಅತ್ತೆಯ ಬೆನ್ನಿಗೆ ಬಿದ್ದ ಗುದ್ದಿನ ಕಥೆ ಹೇಳಿ ಮಲಗಿಸುತ್ತಿದ್ದಳಂತೆ. ಉಣ್ಣೆಯ ಟೊಪ್ಪಿಗೆ ಅಷ್ಟರಲ್ಲಿ ಗೊಂಬೆಯ ತಲೆಗೂ ಸಾಲದಷ್ಟು ಚಿಕ್ಕದಾಗಿತ್ತು. ಹೊಸಬರನ್ನು ಕಂಡರೆ ಮಗಳು ಅಳುತ್ತಾಳೆ, ಹತ್ತಿರ ಬರುವುದಿಲ್ಲ, ಬೇಸರ ಮಾಡಿಕೊಳ್ಳಬೇಡ ಎಂದು ತಮ್ಮ ಸ್ಟೇಷನ್ನಿನಿಂದಲೇ ಹೇಳಿಕೊಂಡು ಬಂದಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಪಡಸಾಲೆಯ ನೆಲದ ಮೇಲೆ ಕೂತು, ಕೈ ಚಾಚಿದೆ. ಅವಳು ಅವ್ವನ ಸೀರೆ ಹಿಡಿದುಕೊಂಡು ನನ್ನನ್ನು ನೋಡಿದಳು. ಅಳಲಿಲ್ಲ. ನನ್ನ ಕೈಗೂ ಬರಲಿಲ್ಲ. ಗೋಡೆ ಹಿಡಿದುಕೊಂಡು ನನ್ನನ್ನು ಒಂದು ಸುತ್ತು ಹಾಕಿ ಹಿಂದೆ ಹೋಗಿ ನಿಂತಳು.

“ಇದ ಏನ ಅತ್ತಿ ಬೆನ್ನ?” ಎಂದು ಅಜ್ಜಿಯನ್ನು ಕೇಳಿದಳು.

“ಹೂಂ, ಅದ” ಎಂದಳು ಅವ್ವ.

ಪುಟ್ಟ ಮುಷ್ಟಿಯೊಂದು ನನ್ನ ಬೆನ್ನ ಮೇಲೆ ಬಿತ್ತು. ಇನ್ನೊಂದು ಬೀಳಲಿ ಎಂದು ನಾನು ಇನ್ನಷ್ಟು ಬಗ್ಗಿದೆ.