ದೇವರ ಗೂಡಿನಲ್ಲಿ ಸವಿತಾಳ ಗಂಟು

ಮಕ್ಕಳಿಗೆ ದುಡ್ಡಿನ ಬೆಲೆ ಕಲಿಸಬೇಕು ಎಂದು ನಮ್ಮವರು ಹೇಳಿದಾಗ ನಾನೂ ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಖರ್ಚಿಲ್ಲವಲ್ಲ. ಅಂದಿನಿಂದ ಪಾಂಡವಪುರದ ನಮ್ಮ ಮನೆಯಲ್ಲಿ ಸಂತೆಯ ದಿನ ಇಬ್ಬರು ಮಕ್ಕಳಿಗೂ ಕೈಖರ್ಚಿನ ಹಣ ಸಿಗತೊಡಗಿತು.

ಮಗ ಮಹೇಶನ ಹಣ ಸಂಜೆಯೊಳಗೆ ಐಸ್‌ಕ್ಯಾಂಡಿಯಾಗಿ ಕರಗುತ್ತಿತ್ತು. ಆಮೇಲೆ ಅವನ ಕಣ್ಣು ಅಕ್ಕನ ಹಣದ ಮೇಲೆ. ಸವಿತಾ ಶಾಲೆಯ ಬೇಲೂರು ಪ್ರವಾಸಕ್ಕೆಂದು ಕೂಡಿಡುತ್ತಿದ್ದಳು. ಪೌಡರ್ ಡಬ್ಬಿಯಲ್ಲಿಟ್ಟರೂ ಅಕ್ಕಿ ಮೂಟೆಯಲ್ಲಿ ಹುದುಗಿಸಿದರೂ ಅವನು ಹುಡುಕಿ ತೆಗೆಯುತ್ತಿದ್ದ.

ಈಗ ನಮ್ಮ ಅತ್ತೆಯ ವಿಷಯ ಹೇಳಬೇಕು. ಮನೆಯಲ್ಲಿ ಯಾರು ಸೀನಿದರೂ ಅವರು ಅರಿಶಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ರಂಗನಾಥಸ್ವಾಮಿಗೆ ಮುಡಿಪು ಎಂದು ದೇವರ ಗೂಡಿನಲ್ಲಿಡುತ್ತಾರೆ. ಅದನ್ನು ಮುಟ್ಟುವ ಧೈರ್ಯ ಮಹೇಶನಿಗೂ ಇಲ್ಲ. ಸವಿತಾ ಅದನ್ನು ಗಮನಿಸಿದ್ದಾಳೆ. ತನ್ನ ಹಣಕ್ಕೂ ಅರಿಶಿನದ ಬಟ್ಟೆ ಸುತ್ತಿ ಅಲ್ಲೇ ಇಟ್ಟಿದ್ದಾಳೆ. ನನಗೆ ಹೇಳಿರಲಿಲ್ಲ.

ಒಂದು ಶನಿವಾರ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ಗುಡಿಗೆ ಹೊರಟಾಗ ನಾನು ಗೂಡಿನಲ್ಲಿದ್ದ ಗಂಟುಗಳನ್ನೆಲ್ಲ ಬಾಚಿಕೊಂಡು ಬಸ್ಸು ಹತ್ತಿದೆ. ಒಂದು ಗಂಟು ಹುಂಡಿಯ ಬಾಯಲ್ಲಿ ತೂರಲೇ ಇಲ್ಲ. ಅತ್ತೆಯ ಭಕ್ತಿಗೆ ಮನಸ್ಸಿನಲ್ಲೇ ಕೈಮುಗಿದು, ಎರಡು ಬೆರಳಿನಿಂದ ಒತ್ತಿ ಒತ್ತಿ ಒಳಗೆ ತಳ್ಳಿದೆ.

ಮನೆಗೆ ಬಂದರೆ ಸವಿತಾ ಖಾಲಿ ಗೂಡಿನ ಮುಂದೆ ನಿಂತಿದ್ದಳು. ಪ್ರವಾಸಕ್ಕೆ ಹಣ ಕಟ್ಟಲು ಸೋಮವಾರವೇ ಕಡೆಯ ದಿನ.

“ನನ್ ಗಂಟು ಎಲ್ಲೋಯ್ತಮ್ಮ?”

ಒತ್ತಿ ತಳ್ಳಿದ್ದನ್ನೂ ಬಿಡದೆ ವಿಷಯ ತಿಳಿಸಿದೆ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು; ಅವಳು ನನ್ನ ಎರಡು ಬೆರಳುಗಳನ್ನೇ ನೋಡುತ್ತಿದ್ದಳು. ಹುಂಡಿಗೆ ಹಾಕಿದ್ದನ್ನು ವಾಪಸ್ಸು ಕೇಳುವುದುಂಟೇ? ತಿಂಗಳ ಕೊನೆ ಬೇರೆ, ನನ್ನ ಸಾಸಿವೆ ಡಬ್ಬಿಯಲ್ಲಿ ಸಾಸಿವೆಯಷ್ಟೇ ಇತ್ತು.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆ ಸೆರಗಿನ ಗಂಟು ಬಿಚ್ಚಿದರು. “ಮಂಡಿ ನೋವು ವಾಸಿಯಾಗ್ಲಿ ಅಂತ ಅರಕೆ ಒತ್ತಿದ್ದೆ ಕಣವ್ವ, ದುಡ್ಡು ಇನ್ನೂ ಕಟ್ಟಿಟ್ಟಿರ್ನಿಲ್ಲ. ನಿಂದೇ ಅದಕ್ಕೋಯ್ತು ಅನ್ಕೊ. ನಾ ಕಟ್ಬೇಕಿದ್ದ ದುಡ್ನ ನಿಂಗೆ ಕೊಡ್ತೀನಿ.”

ಸವಿತಾ ಹಣ ತೆಗೆದುಕೊಂಡು ಯೋಚಿಸಿದಳು. “ಅಂಗಾದ್ರೆ ನಿನ್ ಮಂಡಿ ವಾಸಿಯಾದ್ರೆ ಪುಣ್ಯ ಯಾರ್ದಜ್ಜಿ?”

“ಇಬ್ಬರ್ದೂವೆ. ನಿನ್ ಪಾಲಿನದು ಬೇಕಿದ್ರೆ ಬಂದು ಕಾಲೊತ್ತು.”

ಮಗು ಬೇಲೂರು ನೋಡಿಬಂತು. ದೇವರಿಗೂ ಬಾಕಿ ಉಳಿಯಲಿಲ್ಲ, ಮಗಳಿಗೂ ಉಳಿಯಲಿಲ್ಲ. ಸ್ವಾಮಿ ಇಷ್ಟನ್ನಾದರೂ ನಡೆಸಿಕೊಟ್ಟನಲ್ಲ.

ಈಗ ಅವಳ ಗಂಟು ಮತ್ತೆ ದೇವರ ಗೂಡಿನಲ್ಲೇ ಇದೆ. ಮೇಲೆ ಒಂದು ಚೀಟಿ: ‘ಇದು ದೇವರದಲ್ಲ, ಸವಿತಾಳದು.’ ಚೀಟಿ ಇದ್ದರೂ ದೇವರ ಗೂಡಿಗೆ ಕೈ ಹಾಕಲು ಮಹೇಶನಿಗೆ ಧೈರ್ಯವಿಲ್ಲ. ದೀಪ ಹಚ್ಚುವಾಗ ದಿನವೂ ಓದುತ್ತೇನೆ; ಸ್ವಾಮಿಯೂ ಓದಿಯೇ ಇರುತ್ತಾನೆ, ಬೇಸರ ಮಾಡಿಕೊಂಡಂತಿಲ್ಲ. ಪಕ್ಕದಲ್ಲಿ ಅರಿಶಿನದ ಬಟ್ಟೆಯ ಇನ್ನೊಂದು ಗಂಟಿದೆ, ಅದಕ್ಕೆ ಚೀಟಿ ಇಲ್ಲ. ಅದು ನನ್ನದು. ಮನೆಯಲ್ಲಿ ದೇವರಿಗೆ ಹೆದರುವವನು ಮಹೇಶ ಒಬ್ಬನೇ ಅಲ್ಲ, ಅವರಪ್ಪನೂ ಹೆದರುತ್ತಾರೆ.