ಗಂಗೆ ಪೂಜೆಯ ಓಣಿ

ಶಾಂತಕ್ಕ, ನಮ್ಮ ಮನೆಯ ಪಕ್ಕದಲ್ಲಿ ದಾರಿ ಇತ್ತು. ಇರಲಿಲ್ಲವೆಂದು ಪಂಚರ ಮುಂದೆ ಹೇಳಿದವಳು ನಾನು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರು ಬೇಸಿಗೆ ಅದು. ಬಸವಕಲ್ಯಾಣದ ಪೇಟೆ ಬೀದಿಯಿಂದ ನಮ್ಮ ಗೋಡೆಗುಂಟ ಒಳಹೋಗುವ ಆ ಓಣಿ ನಿನ್ನ ಮನೆಗೂ, ಅದರಾಚೆಯ ಬಾವಿಗೂ ಇದ್ದ ನೇರ ದಾರಿ. ನಮ್ಮ ಯಜಮಾನರಿಗೆ ಅರಿವೆಯ ಗಂಟುಗಳನ್ನಿಡಲು ಜಾಗ ಬೇಕಿತ್ತು. ಓಣಿಗೆ ಅಡ್ಡ ಗೋಡೆ ಎಬ್ಬಿಸಿಬಿಟ್ಟರು. ನೀನು ಪಂಚರನ್ನು ಕರೆತಂದೆ. "ಆಕೀನ್ನ ಕೇಳ್ರಿ. ಚೊಚ್ಚಲ ಕೂಸಿನ್ನ ಎತ್ಕೊಂಡು ಇದೇ ಓಣ್ಯಾಗ ಗಂಗಿ ಪೂಜಿಗೆ ಹೋಗ್ಯಾಳ" ಎಂದೆ. ಎಷ್ಟು ನಂಬಿದ್ದೆ ನನ್ನನ್ನು!

ಓಣಿಯ ಬಾಯಲ್ಲಿ ಒಂದು ಕಲ್ಲಿತ್ತು. ಬಾವಿಗೆ ಹೊರಟ ಬಾಣಂತಿಯರೆಲ್ಲ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮುಂದೆ ಹೋಗುತ್ತಿದ್ದರು. ನನ್ನ ಕೈಯ ಅರಿಶಿನವೂ ಅದರ ಮೇಲಿತ್ತು. ಪಂಚರು ಬರುವ ಮುಂಚೆ ಅದನ್ನು ಉಜ್ಜಿ ತೊಳೆದು, ಮಣ್ಣು ಸಗಣಿ ಮೆತ್ತಿ ಮುಚ್ಚಿದ್ದೆ. ಗಂಡ ಹೇಳಿದ್ದು ಗೋಡೆಯ ಮಾತು ಮಾತ್ರ. ಕಲ್ಲು ಮುಚ್ಚುವ ಜಾಣತನ — ಅದು ನನ್ನದೇ.

"ಅಲ್ಲಿ ದಾರೀನ ಇದ್ದಿಲ್ರಿ."

ಅಷ್ಟೇ ಹೇಳಿದ್ದು. ಪಂಚರು ನನ್ನ ಮಾತು ನಂಬಿ ಗೋಡೆ ಇರಲೆಂದರು. ಅಂದಿನಿಂದ ನೀನು ಚೀಲ ಹೊತ್ತು ಹಿಂದಿನ ಕೊಳಚೆ ನಾಲಿ ದಾಟಿ, ಸುತ್ತು ಹಾಕಿ ಪೇಟೆಗೆ ಬಂದೆ. ನಿನ್ನ ಮಗಳು ಹುಮನಾಬಾದಿಗೆ ಗಂಡನ ಮನೆಗೆ ಹೊರಟ ದಿನ, ಮದುವೆಯ ಸೀರೆ ಮೊಣಕಾಲಿಗೆ ಎತ್ತಿ ಹಿಡಿದು ಆ ಕೆಸರಿನಲ್ಲಿ... ನಾನು ಮಾಳಿಗೆಯ ಮೇಲೆ ನಿಂತು ನೋಡಿದೆ.

ವರ್ಷಗಳು ಉರುಳಿದವು. ನಮ್ಮ ಸೊಸೆಗೆ ಹೆರಿಗೆಯಾಯಿತು. ಗಂಗೆ ಪೂಜೆಗೆ ಆರತಿ ತಟ್ಟೆ ಹಿಡಿದು ಮುಂದೆ ನಾನು, ಹಿಂದೆ ಹಾಡುವ ಹೆಂಗಸರು. ಬೀದಿ ಸುತ್ತಿ ಹೋಗಬೇಕಿತ್ತು. ಕಾಲು ಎಲ್ಲಿ ಕೇಳುತ್ತದೆ? ನೆಟ್ಟಗೆ ಓಣಿಗೆ ಹೊಕ್ಕು ಗೋಡೆಯೆದುರು ನಿಂತೆ. ಹಾಡು ನಿಂತಿತು.

"ಅತ್ತಿ, ಇಲ್ಲಿ ದಾರಿ ಎಲ್ಲಿ ಅದರಿ?" ಎಂದಳು ಸೊಸೆ.

ಮರೆತೆನೆಂದು ನಕ್ಕು ತಿರುಗಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು ಆ ಮಾತು — ಆದರೆ ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ. "ಇತ್ತು. ನಾ ಸುಳ್ಳ ಹೇಳೀನಿ. ಗ್ವಾಡಿ ಕೆಡವ್ರಿ" ಎಂದೆ.

ಯಜಮಾನರು ಅಂಗಡಿಯಿಂದ ಓಡಿ ಬಂದರು. "ಏನ್ ಮಾತಾಡಾಕತ್ತಿ? ಮಂದಿ ನೋಡಾಕತ್ತಾರ!"

"ನೋಡ್ಲಿ. ಪೂಜಿ ಆಗೂತನಕ ಬಾಣಂತಿ ಮನಿ ಒಳಗ ಬರಂಗಿಲ್ಲ. ನಾನೂ ಬರಂಗಿಲ್ಲ."

ಹೆಂಗಸರು ನೆಲಕ್ಕೆ ಕೂತರು, ಮತ್ತೆ ಹಾಡು ಎತ್ತಿದರು. ಬಿಸಿಲಿಗೆ ಮೊಮ್ಮಗ ಕಿರುಚತೊಡಗಿದ. ಯಜಮಾನರ ಮುಖ ಕಪ್ಪಿಟ್ಟಿತು. ಕಡೆಗೆ ಹಾರೆ ತರಿಸಿದವರು ಅವರೇ! ಗೋಡೆ ಬಿದ್ದಾಗ ಎದ್ದ ಆ ಕೇಕೆ — ನನ್ನ ಮದುವೆಯಲ್ಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಮೆತ್ತಿದ ಮಣ್ಣನ್ನು ನನ್ನ ಉಗುರಿನಿಂದಲೇ ಕೆರೆದೆ. ಸೊಸೆ ಕಲ್ಲಿಗೆ ಅರಿಶಿನ ಹಚ್ಚಿದಳು. ಧೂಳಿನಾಚೆ ನೀನು ನಿಂತಿದ್ದೆ.

"ಬಾಣಂತಿನ್ನ ಬಿಸಲಾಗ ನಿಂದ್ರಸಬ್ಯಾಡ, ಕಮಲಾ. ಬರ್ರಿ" ಎಂದೆ ನೀನು.

ಈಗ ಊರೆಲ್ಲ ಅಲ್ಲಿ ಓಡಾಡುತ್ತದೆ. ಓಣಿಗೆ ಬಾಗಿಲು ಇಡಿಸೋಣವೆಂದು ಮಗ ಮೊನ್ನೆ ಮೆಲ್ಲಗೆ ಅಂದ. ನಾನಿರುವವರೆಗೆ ಅದು ಆಗದು, ಶಾಂತಕ್ಕ. ನಿನ್ನ ಮಗಳು ತವರಿಗೆ ಬಂದಾಗೆಲ್ಲ ಆ ಓಣಿಯಿಂದಲೇ ಬರುತ್ತಾಳೆ, ನಕ್ಕು ಮಾತಾಡಿಸುತ್ತಾಳೆ. ನಾನೂ ನಗುತ್ತೇನೆ. ಆದರೆ ಮೊದಲು ನನ್ನ ಕಣ್ಣು ಹೋಗುವುದು ಅವಳ ಸೀರೆಯ ಅಂಚಿಗೆ.